ಕೊಸರಿಗೆ ಬಂದ ಮರಿಗಳು

ಆ ಒಂದು ಬೊಗಸೆ ಮೀನುಮರಿಗಳಿಗೆ ನಾನು ಒಂದು ಪೈಸೆಯೂ ಕೊಟ್ಟಿಲ್ಲ. ಕೊಸರೆಂದು ಹಟ ಹಿಡಿದು ಪಡೆದದ್ದು. ಅದಕ್ಕಾಗಿ ಕಳೆದುಕೊಂಡದ್ದು ಬೇರೆ: ಐದನೇ ಕ್ಲಾಸಿನಿಂದ ಜೊತೆಗಿದ್ದ ಗೆಳೆಯ ಈಗ ನನ್ನ ಹೊಂಡದ ಕಡೆ ಬರುವುದಿಲ್ಲ.

ಹಳೆ ಪಂಪ್‌ಸೆಟ್ ಕೊಂಡು, ರಿಪೇರಿ ಮಾಡಿ, ಮಾರಿ ಮೇಲೆ ಬಂದವನು ನಾನು. ಪುತ್ತಿಗೆಯಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯೊಂದರಲ್ಲಿ ಮಳೆನೀರು ನಿಂತಿತ್ತು. ಮೀನು ಸಾಕೋಣವೆಂದು ಅದನ್ನು ಗೇಣಿಗೆ ಹಿಡಿದೆ. ಪಕ್ಕದಲ್ಲೇ ಗೆಳೆಯನ ಮನೆ. ಅವನು ದಿನಾ ತೌಡು, ಹಿಂಡಿ ಹಾಕುವುದು, ಬೆಳೆದದ್ದರಲ್ಲಿ ಅರ್ಧ ಅವನಿಗೆ ಎಂದು ಮಾತಾಯಿತು.

ಬಂಟ್ವಾಳದಲ್ಲಿ ಕಾಟ್ಲಾ ಮರಿ ಕೊಂಡ ಮೇಲೆ ಕೊಸರು ಕೇಳಿದೆ. ಮಾರುವವನು ಕಾಟ್ಲಾ ಇದ್ದ ತೊಟ್ಟಿಗೇ ಕೈ ಹಾಕಿದ. ನನ್ನ ಕಣ್ಣು ಮೂಲೆಯ ಸಣ್ಣ ಬಕೆಟ್ಟಿನ ಮೇಲಿತ್ತು. ಅದರಲ್ಲಿ ಕಂದು ಬಣ್ಣದ, ಉದ್ದ ಮೈಯ, ಚುರುಕು ಮರಿಗಳು.

"ಅದು ನಿಮಗೆ ಬೇಡ ಮಾರಾಯ್ರೆ," ಎಂದ ಅವನು.

ಬೇಡ ಅನ್ನುವ ಮಾಲು ಯಾವಾಗಲೂ ಒಳ್ಳೆಯ ಮಾಲು ಎಂಬುದು ನನ್ನ ವ್ಯಾಪಾರದ ಅನುಭವ. ಅವನು ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಚೀಲ ಮುಂದೆ ಹಿಡಿದಿದ್ದೆ.

ನಾಲ್ಕು ತಿಂಗಳಾಗುವಾಗ ತೌಡು ಹಾಕಿದರೆ ಮೇಲೆ ಬರುವ ಮೀನು ಕಡಿಮೆಯಾಗಿದೆ ಎಂದು ಗೆಳೆಯ ಹೇಳಿದ. ನಾನು ದಡದಲ್ಲಿ ಕೂತು ನೋಡಿದೆ. ಮಿಂಚುಳ್ಳಿ ತಂತಿಯ ಮೇಲಿಂದ ಕಲ್ಲು ಬಿದ್ದ ಹಾಗೆ ಬಿದ್ದು, ಕೊಕ್ಕಿನಲ್ಲಿ ಮೀನಿನೊಂದಿಗೆ ಏಳುತ್ತಿತ್ತು. ನೀರುಕಾಗೆ ಇಲ್ಲಿ ಮುಳುಗಿ, ಒಳಗೇ ಅಟ್ಟಿಸಿಕೊಂಡು ಹೋಗಿ, ಅಲ್ಲೆಲ್ಲೋ ತಲೆ ಎತ್ತುತ್ತಿತ್ತು. ಕಳ್ಳರು ಸಿಕ್ಕರು ಎಂದು ಹೊಂಡಕ್ಕೆ ಬಲೆ ಕಟ್ಟಿದೆ. ಹಕ್ಕಿಗಳ ಕಾಟ ನಿಂತಿತು, ಮೀನು ಕಡಿಮೆಯಾಗುವುದು ನಿಲ್ಲಲಿಲ್ಲ. ನೀರುನಾಯಿ ಇರಬಹುದು ಎಂದ ಗೆಳೆಯ. ಅದು ತಿಂದ ಕಡೆ ಮುಳ್ಳು, ಹಿಕ್ಕೆ ಬಿಟ್ಟು ಹೋಗುತ್ತದೆ. ದಡವೆಲ್ಲ ಹುಡುಕಿದರೂ ಒಂದು ಹುರುಪೆ ಸಿಗಲಿಲ್ಲ. ಗುರುತೇ ಬಿಡದೆ ತಿನ್ನುವುದು ಯಾವ ಪ್ರಾಣಿ? ನನಗೆ ಬುದ್ಧಿ ಓಡಲಿಲ್ಲ. ಓಡದ ಬುದ್ಧಿ ಎರಡು ಕಾಲಿನವನ ಕಡೆ ಹೋಯಿತು.

ನಗುತ್ತಲೇ ಕೇಳಿದೆ: "ಈ ವಾರ ನಿನ್ನ ಮನೆಯಲ್ಲಿ ಎಷ್ಟು ಸಲ ಮೀನುಸಾರು?"

ಅವನು ತೌಡಿನ ಬಕೆಟ್ಟು ಕೆಳಗಿಟ್ಟ. "ನೀನು ಕೇಳಿದ್ದು ತಮಾಷೆಗಾ, ಲೆಕ್ಕಕ್ಕಾ?"

ನಾನು ಬಕೆಟ್ಟಿನಲ್ಲಿ ತೌಡು ಎಷ್ಟಿದೆ ಎಂದು ನೋಡಿದೆ. ಅವನು ಮನೆಗೆ ಹೋದ.

ಬೇಸಗೆಯಲ್ಲಿ ನಾನೇ ಪಂಪ್ ಇಟ್ಟು ಹೊಂಡ ಖಾಲಿ ಮಾಡಿದೆ. ಮೊಣಕಾಲುದ್ದ ನೀರು ಉಳಿದಾಗ, ಕಲ್ಲಿನ ಸಂದಿಯ ಹತ್ತಿರ ಕೊಳೆತ ಕೊಂಬೆಯಂಥದ್ದು ಕಂಡಿತು. ಒಂದು ಕಾಟ್ಲಾ ಅದರ ಮುಂದೆ ಹಾದುಹೋಯಿತು. ನೀರು ಒಮ್ಮೆ ಅಲುಗಿತು, ಅಷ್ಟೇ. ಕಾಟ್ಲಾ ಇರಲಿಲ್ಲ. ಕೊಂಬೆ ಇದ್ದಲ್ಲೇ ಇತ್ತು. ಅದಕ್ಕೆ ಹಾವಿನ ತಲೆಯಂಥ ತಲೆ, ಮೊಳದುದ್ದ ಮೈ. ಅಂಥವು ಒಟ್ಟು ಏಳು, ಕೊಸರಿಗೆ ಬಂದ ಮರಿಗಳೇ ಬೆಳೆದದ್ದು. ಅಟ್ಟಿಸಿಕೊಂಡು ಹೋಗುವ ಜಾತಿಯಲ್ಲ, ಕಾದು ಇಡಿಯಾಗಿ ನುಂಗುವ ಜಾತಿ. ಅವು ಅಡಿಯಲ್ಲಿ ಉಣ್ಣುವಾಗ ನಾನು ವಾರಗಟ್ಟಲೆ ಆಕಾಶ ಕಾದಿದ್ದೆ.

ಬಂಟ್ವಾಳಕ್ಕೆ ಜಗಳಕ್ಕೆ ಹೋದರೆ ಮಾರುವವನು ಶಾಂತವಾಗಿ ಹೇಳಿದ: "ಮರಿ ತಿನ್ನುವ ಮೀನೆಂದೇ ಬೇರೆ ಹೆಕ್ಕಿ ಇಟ್ಟದ್ದು. ಬೇಡ ಅಂದೆನಲ್ಲ?"

ಅತಿ ದೊಡ್ಡದನ್ನು ಗೆಳೆಯನ ಮನೆಗೆ ಒಯ್ದು ನಡೆದದ್ದೆಲ್ಲ ಹೇಳಿದೆ. ಅವನು ಮೀನು ತೆಗೆದುಕೊಂಡ, ಚಹಾವನ್ನೂ ಕೊಟ್ಟ. "ತೂಕ ಮಾಡಿ ತಂದೆಯಾ?" ಎಂದು ಕೇಳಿದ. ಅದು ತಮಾಷೆಯೋ ಲೆಕ್ಕವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹೊಂಡಕ್ಕಂತೂ ಬರಲಿಲ್ಲ.

ನೀವು ಮೀನು ಸಾಕುವುದಾದರೆ ಮರಿಗಳನ್ನು ಬಿಳಿ ಬೋಗುಣಿಗೆ ಹಾಕಿ, ಉದ್ದ ಮೈಯವನ್ನು ಹೆಕ್ಕಿ ತೆಗೆಯಿರಿ. ಮಾರುವವನು ಬೇಡ ಅಂದರೆ ಯಾಕೆಂದು ಕೇಳಿ, ಪೂರ್ತಿ ಹೇಳಲು ಬಿಡಿ. ಮೀನು ಕಡಿಮೆಯಾದರೆ ಯಾರನ್ನೂ ಏನೂ ಕೇಳುವ ಮೊದಲು ನೀರು ತೆಗೆದು ನೋಡಿ. ಪಂಪ್ ಇಲ್ಲದಿದ್ದರೆ ನನ್ನಲ್ಲಿ ಉಂಟು. ಆ ಕೆಲಸಕ್ಕೆ ಬಾಡಿಗೆ ತೆಗೆದುಕೊಳ್ಳುವುದಿಲ್ಲ.