ಟಿವಿಯಲ್ಲಿ ಕಾಣದ ಗೋಲು

ಹೊಳೆನರಸೀಪುರದ ಹೈಸ್ಕೂಲು ಫುಟ್‌ಬಾಲ್ ಪಂದ್ಯಗಳನ್ನು ಊರಿನ ಕೇಬಲ್ ಚಾನೆಲ್‌ನಲ್ಲಿ ನೇರಪ್ರಸಾರ ಮಾಡುತ್ತಿದ್ದವರು ನಾವು, ಬೇರೆ ಬೇರೆ ಶಾಲೆಗಳ ಮಕ್ಕಳು. ಕ್ಯಾಮೆರಾ ಹಿಡಿಯಲು ಕಲಿಸಿದವರು ಚಾನೆಲ್ ನಡೆಸುತ್ತಿದ್ದ ಕೇಬಲ್ ಸಾರ್. ಬಿಸಿಲೇರಿದರೆ ಹೆಗಲ ಟವೆಲ್ ತೆಗೆದು ಕ್ಯಾಮೆರಾಗೆ ಹೊದಿಸಿ, ತಾವು ಬರಿತಲೆಯಲ್ಲಿ ಕೂರುತ್ತಿದ್ದರು. ನಾವು ಸ್ವಲ್ಪ ಮೈಮರೆತರೂ ಒಂದೇ ಮಾತು: “ಮನೇಲಿರೋರು ನೋಡ್ತಾವ್ರೆ ಕಣ್ರಪ್ಪಾ.”

ಆಡುವ ಶಾಲೆಯವರು ಆ ದಿನ ಕ್ಯಾಮೆರಾ ಮುಟ್ಟುವಂತಿಲ್ಲ ಎಂಬುದು ಸಾರ್ ಅವರ ಕಟ್ಟುನಿಟ್ಟು. ಫೈನಲ್ ದಿನ ಮಾತ್ರ ಕ್ಯಾಮೆರಾ ಹಿಡಿಯಲು ಅರಕಲಗೂಡಿನಿಂದ ಬರಬೇಕಿದ್ದ ಹುಡುಗಿಗೆ ಬಸ್ಸು ತಪ್ಪಿತು. ನಮ್ಮ ಶಾಲೆಯೇ ಆಡುತ್ತಿದ್ದರೂ ಕ್ಯಾಮೆರಾ ನನ್ನ ಕೈಗೆ ಬಂತು.

“ಗೋಲಾದ್ರೂ ಕುಣೀಬ್ಯಾಡ ಕಣವ್ವ,” ಎಂದರು ಸಾರ್.

ಕೊನೆಯ ನಿಮಿಷದಲ್ಲಿ ನಮ್ಮ ಹುಡುಗ ಚೆಂಡನ್ನು ಗೋಲಿನತ್ತ ಒಯ್ದಿದ್ದೇ ತಡ, ನಾನು ಹಿಡಿಕೆ ಬಿಟ್ಟು “ಒಡಿಯೋ!” ಎಂದು ಕುಣಿದುಬಿಟ್ಟೆ. ಕೈ ತಾಗಿ ಕ್ಯಾಮೆರಾ ಮೇಲಕ್ಕೆ ವಾಲಿತು. ಗೋಲೇನೋ ಆಯಿತು. ಊರಿನ ಟಿವಿಗಳಲ್ಲೆಲ್ಲ ಕಂಡದ್ದು ಬರೀ ಆಕಾಶ.

ಬೈಗುಳಕ್ಕೆ ಸಿದ್ಧಳಾಗಿ ಹಿಂದೆ ತಿರುಗಿದೆ. ಸಾರ್ ಮೈಕ್ ಎತ್ತಿಕೊಂಡರು.

“ಮನೇಲಿರೋರು ಬೇಜಾರ್ ಮಾಡ್ಕೋಬ್ಯಾಡಿ. ಖುಷಿಗೆ ನಾನೇ ಕುಣಿದು ಕ್ಯಾಮೆರಾಗೆ ಗುದ್ಬುಟ್ಟೆ. ಗೋಲು ಎಂಗಾಯ್ತು ಅಂತ ನಮ್ ಉಡುಗಿ ಏಳ್ತಾಳೆ, ಕೇಳಿ.”

ಮೈಕ್ ನನ್ನ ಕೈಗಿಟ್ಟರು. ಕಂಡದ್ದನ್ನೆಲ್ಲ ತೊದಲುತ್ತಲೇ ಹೇಳಿದೆ.

ಆ ರೆಕಾರ್ಡಿಂಗ್ ಈಗಲೂ ನನ್ನ ಮೊಬೈಲಿನಲ್ಲಿದೆ. ಆಕಾಶ ಕಾಣುತ್ತದೆ, ಅವರ ತಪ್ಪೊಪ್ಪಿಗೆ ಕೇಳುತ್ತದೆ. ಅವರು ಕುರ್ಚಿಯಿಂದ ಎದ್ದೇ ಇರಲಿಲ್ಲ ಎಂಬುದು ಮಾತ್ರ ಅದರಲ್ಲಿಲ್ಲ.