ಚಾವಿ ತಿರುಗಿಸುವ ಬಸಣ್ಣ

ಗಾಡಿ ಪೂರ್ತಿ ನಿಲ್ಲುವ ಮೊದಲೇ ಬಸಣ್ಣನ ಕೈ ಕಿಟಕಿಯೊಳಗೆ ಬಂದು ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡುತ್ತಿತ್ತು. "ನಿಂತ ಗಾಡಿಗೆ ಯಾಕ ಕುಡಸ್ತೀಯೋ ಪೆಟ್ರೋಲ್? ನಿಮ್ಮಪ್ಪನ ಬಾವಿ ಐತೇನು?" ಎಂಬ ಬೈಗುಳ ಬೇರೆ. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿದ್ದೇ ತಡ, ಮುಂಬಯಿಯ ಬೈಕುಲ್ಲಾದ ಟ್ಯಾಕ್ಸಿಯವರೆಲ್ಲ ಈ ಪಾಠವನ್ನು ಅವನಿಂದಲೇ ಕಲಿತೆವು. ಅವನು ವಿಜಾಪುರದವನು, ನಾನು ಉಡುಪಿಯ ಕಡೆಯವನು. ಅವನ ಗ್ಯಾರೇಜಿನ ಎದುರೇ ನಮ್ಮ ಟ್ಯಾಕ್ಸಿ ಸ್ಟ್ಯಾಂಡು.

ಅವನಿಗೊಂದು ಹುಚ್ಚಿತ್ತು. ಒಡೆದ ಹಡಗುಗಳ ಜನರೇಟರುಗಳಿಂದ ಎರಡು ಹಳೆಯ ಟರ್ಬೊ ಹುಡುಕಿ ತಂದಿದ್ದ. ಹೊರಹೋಗುವ ಹೊಗೆಯಿಂದಲೇ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರವದು. ಒಂದನ್ನು ಗ್ಯಾರೇಜಿನಲ್ಲಿದ್ದ ಹಳೆ ಟ್ಯಾಕ್ಸಿಯ ಸಣ್ಣ ಇಂಜಿನ್ನಿಗೆ, ಇನ್ನೊಂದನ್ನು ಅಂಬಾಸಿಡರಿನ ದೊಡ್ಡ ಇಂಜಿನ್ನಿಗೆ ಕೂರಿಸಿದ. ಕಾರ್ ರೇಸಿನ ಶೋಕಿಯ ಸೇಠ್ ಒಬ್ಬ, ಗೆಲ್ಲುವ ಇಂಜಿನ್ ಕೊಟ್ಟರೆ ತನ್ನ ರೇಸ್ ಗ್ಯಾರೇಜನ್ನೇ ಅವನಿಗೆ ವಹಿಸುತ್ತೇನೆಂದಿದ್ದ.

ಭಾನುವಾರ ನಾನೇ ಓಡಿಸಿ ನೋಡುತ್ತಿದ್ದೆ. ಸಣ್ಣದು ಖಾಲಿ ರಸ್ತೆಯಲ್ಲಿ ಕಿರುಚುತ್ತ ಹಾರುತ್ತಿತ್ತು. ದಾದರಿನ ಗದ್ದಲದಲ್ಲಿ ಮಾತ್ರ ಎಕ್ಸಲರೇಟರ್ ಒತ್ತಿ ಕಾಯಬೇಕು. ದೊಡ್ಡದು ಒತ್ತಿದ ಕೂಡಲೇ ಎಳೆಯುತ್ತಿತ್ತು, ವೇಗ ಏರಿದರೆ ಸುಸ್ತು.

"ರೇಸಿಗೆ ಸಣ್ಣದು, ರಸ್ತೆಗೆ ದೊಡ್ಡದು. ಸೇಠ್‌ಗ ಎರಡೂ ತೋರಸೂಣು" ಎಂದು ಬಸಣ್ಣ ಹಿಗ್ಗಿದ. ಪ್ರತಿ ಸಲ ನಾನು ಬಂದು ನಿಂತಾಗಲೂ ಅದೇ ಕೈ, ಅದೇ ಚಾವಿ.

ಸೇಠ್ ಬರುವ ವಾರವೇ ದೊಡ್ಡದರ ಟರ್ಬೊ ಜಾಮ್ ಆಯಿತು. ಬಂದ ಸೇಠ್‌ನ ಕಣ್ಣೆದುರಿಗೇ ಸಣ್ಣದೂ ನೀಲಿ ಹೊಗೆ ಉಗುಳಿ ಕೂತಿತು. ಸೇಠ್ ತನ್ನ ಕಾರು ಹತ್ತಿ ಹೋದ. ಆಮೇಲೆ ಎರಡೂ ಟರ್ಬೊ ಬಿಚ್ಚಿ ನೋಡಿದ ಹಡಗಿನ ಇಂಜಿನಿಯರ್ ಒಬ್ಬರು, ಜೋರಾಗಿ ಓಡಿಸಿದ ಮೇಲೆ ಸ್ವಲ್ಪ ಹೊತ್ತು ಇಂಜಿನ್ ಚಾಲೂ ಇಡಬೇಕು, ತಟ್ಟನೆ ಬಂದ್ ಮಾಡಿದರೆ ಕಾದ ಟರ್ಬೊದೊಳಗೆ ಆಯಿಲ್ ಸುಟ್ಟು ಕರಕಲಾಗುತ್ತದೆ ಎಂದರು.

ಬಸಣ್ಣ ತನ್ನ ಕೈ ನೋಡಿಕೊಂಡ. "ಎರಡನ್ನೂ ನಾನ ಕೊಂದ್ನಲ್ಲೋ."

"ಬೇರೆ ಹುಡುಕುವ ಮಾರಾಯ" ಎಂದೆ.

"ಎಲ್ಲಿ ಹುಡಕ್ತಿ?"

ಹುಡುಕಿದೆವು, ಸಿಗಲಿಲ್ಲ. ಸೇಠ್ ಬೇರೊಬ್ಬನನ್ನು ಇಟ್ಟುಕೊಂಡ. ಬಸಣ್ಣ ಟ್ಯಾಕ್ಸಿ ರಿಪೇರಿಯಲ್ಲೂ ಮನಸ್ಸು ನಿಲ್ಲದೆ ಗ್ಯಾರೇಜ್ ಮುಚ್ಚಿದ.

ಅವನು ಊರಿಗೆ ಹೊರಟ ದಿನ ನಾನೇ ದಾದರ್ ಸ್ಟೇಷನ್ನಿಗೆ ಬಿಟ್ಟೆ. ಗಾಡಿ ನಿಂತದ್ದೇ ನನ್ನ ಕೈ ಅಭ್ಯಾಸಬಲದಿಂದ ಚಾವಿಗೆ ಹೋಯಿತು. ಅವನು ಮಣಿಕಟ್ಟು ಹಿಡಿದ.

"ಬ್ಯಾಡೋ, ಇನ್ನೊಂದೀಟ ಓಡ್ಲಿ."

ನನ್ನದು ಬರೀ ಟ್ಯಾಕ್ಸಿ, ಟರ್ಬೊ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಇಂಜಿನ್ ಸುಮ್ಮನೆ ಪೆಟ್ರೋಲ್ ಕುಡಿಯುತ್ತಿತ್ತು, ಬಸಣ್ಣ ನನ್ನ ಕೈ ಬಿಡಲಿಲ್ಲ. ಕೊನೆಗೆ ಚೀಲ ಹೆಗಲಿಗೇರಿಸಿ ಇಳಿದು ಹೋದ. ಮತ್ತೆ ಮುಂಬಯಿಗೆ ಬರಲೇ ಇಲ್ಲ.