ಸಂಜೆಯ ಸೂಜಿ

ವೈನಿ, ನಿಮ್ಮ ಮಗಳು ಸತ್ತದ್ದು ನಾನು ಡಾಕ್ಟರಿಗೆ ಹೇಳಿದ ಒಂದು ಸುಳ್ಳಿನಿಂದ. ನಾಲ್ಕು ವರ್ಷ ಇದನ್ನು ನುಂಗಿಕೊಂಡು ಕೂತೆ. ನೀವು ನಿಮ್ಮ ಕೈಯನ್ನೇ ಶಪಿಸಿಕೊಳ್ಳುವಾಗ ಪಕ್ಕದಲ್ಲಿ ಕೂತು ಸಮಾಧಾನ ಹೇಳುತ್ತಿದ್ದೆ— ಎಂಥ ನಾಚಿಕೆಗೇಡಿ ನಾನು.

ಕಾಲೇಜಿಗೆಂದು ನೀವೂ ಅಣ್ಣನೂ ರೇಣುಕಾಳನ್ನು ಝರಾಸಂಗಂನಿಂದ ಜಹೀರಾಬಾದಿನ ನನ್ನ ಮನೆಗೆ ಕಳಿಸಿದಾಗ ಆಕೆಗೆ ಹದಿನೇಳು. ದಿನಕ್ಕೆರಡು ಸಲ ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿ. ನನ್ನದು ಒಂದೇ ಕೋಣೆಯ ಮನೆ. ಸಂಜೆ ಬ್ಲೌಸ್ ಹೊಲಿಸಲು ಬಂದ ಹೆಂಗಸರು ಬೇಗ ಏಳುವವರಲ್ಲ. ಎಲ್ಲ ಊರಿನ ಸಂಬಂಧಗಳ ಸುದ್ದಿ ಅವರ ಬಾಯಲ್ಲಿ. ನಾನೇ ಆಕೆಗೆ ಹೇಳಿದ್ದೆ: "ಮಂದಿ ಮುಂದ ಸೂಜಿ ತೆಗೀಬ್ಯಾಡವ್ವ. ಸಕ್ರಿ ರೋಗ ಅಂತ ಗೊತ್ತಾದ್ರ ನಾಳಿ ಯಾರೂ ಹೆಣ್ಣು ಕೇಳಾಕ ಬರಂಗಿಲ್ಲ."

ಹೀಗೆ ಸಂಜೆಯ ಸೂಜಿ ಹೆಚ್ಚಿನ ದಿನ ತಪ್ಪಿತು. ಆಕೆ ಸೊರಗಿದಳು. ಪರೀಕ್ಷೆಯ ಚಿಂತೆ ಅಂದುಕೊಂಡೆ— ಇಲ್ಲ, ಹಾಗೆ ಅಂದುಕೊಳ್ಳಲಿಲ್ಲ. ನನಗೆ ಗೊತ್ತಿತ್ತು.

ಆ ರೋಗದ ಡಾಕ್ಟರು ಹೈದರಾಬಾದಿನಿಂದ ವಾರಕ್ಕೊಮ್ಮೆ ಬರುವವರು, ಬಾಗಿಲಾಚೆಗೂ ಸಾಲು. ರಿಪೋರ್ಟಿನಲ್ಲಿ ಸಕ್ಕರೆ ಏರಿದ್ದು ನೋಡಿದವರೇ, ಸೂಜಿ ತಪ್ಪಿಸುತ್ತಾಳಾ ಎಂದು ತೆಲುಗಿನಲ್ಲಿ ಕೇಳಿದರು. ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ. ತೆಲುಗು ತಿಳಿಯುತ್ತಿತ್ತು, ದೊಡ್ಡವರ ಮುಂದೆ ಆಡಲು ಅಂಜಿಕೆ. ನನ್ನ ಸೆರಗು ಹಿಡಿದು, "ಅತ್ತಿ, ಸಂಜಿ ಸೂಜಿ ತಪ್ಪತದಂತ ಹೇಳ್ರಿ" ಅಂದಳು.

ಯಾಕೆ ತಪ್ಪುತ್ತದೆ ಎಂದು ಅವರು ಕೇಳಿದರೆ? ಅಷ್ಟು ಜನರೆದುರು ನನ್ನನ್ನು ಬೈದರೆ? ದಿನಾ ಎರಡೂ ಹೊತ್ತು ತಪ್ಪದೆ ತೆಗೆದುಕೊಳ್ಳುತ್ತಾಳೆ ಎಂದು ತೆಲುಗಿನಲ್ಲಿ ಹೇಳಿಬಿಟ್ಟೆ. ರೇಣುಕಾ ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು. ಹಾಗಾದರೆ ಔಷಧ ಸಾಲುತ್ತಿಲ್ಲ ಎಂದು ಡಾಕ್ಟರು ಸಂಜೆಯ ಪ್ರಮಾಣವನ್ನು ಬಹಳ ಏರಿಸಿ ಬರೆದರು.

ಮರುದಿನವೇ ರಜೆಗೆ ಆಕೆ ಊರಿಗೆ ಬಂದಳು. ನೀವು ಚೀಟಿಯಲ್ಲಿದ್ದಂತೆಯೇ, ಒಂದು ಗೆರೆ ಹೆಚ್ಚಿಲ್ಲ ಕಡಿಮೆಯಿಲ್ಲ, ಸಂಜೆಯ ಸೂಜಿ ಕೊಟ್ಟಿರಿ. ಮೂರನೆಯ ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲ. ಜೀಪು ಸಿಕ್ಕಿ ಜಹೀರಾಬಾದ್ ಮುಟ್ಟುವ ಹೊತ್ತಿಗೆ— ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತಂತೆ. "ನಾನೇ ಚುಚ್ಚಿ ಕೊಂದೀನಿ" ಅಂತ ನೀವು ಎದೆ ಬಡಿದುಕೊಂಡಿರಿ.

ಈಗ ಚಿಕ್ಕವಳು ಶಿವಲೀಲಾಗೂ ಅದೇ ರೋಗ ಎಂದು ಅಣ್ಣ ಫೋನಿನಲ್ಲಿ ಹೇಳಿದ. ನೀವು ಸೂಜಿ ಮುಟ್ಟಲು ಒಲ್ಲೆ ಅಂತೀರಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಕೈ ಏನೂ ತಪ್ಪು ಮಾಡಿಲ್ಲ ವೈನಿ. ಮಗುವಿಗೆ ಸೂಜಿ ಕೊಡಿ. ಈ ಕಾಗದ ಅಣ್ಣನಿಗೂ ಓದಿಸಿ. ನನ್ನನ್ನು ಮನೆಗೆ ಸೇರಿಸದಿದ್ದರೆ ಯಾಕೆಂದು ಕೇಳುವುದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಮಾತಾಡಲು ನನ್ನನ್ನು ಕರೆಯಬೇಡಿ. ತಡವರಿಸಿದರೂ ಸರಿ, ಶಿವಲೀಲಾ ತಾನೇ ಹೇಳಲಿ.